ಬೇರೆಯವರ ಬೋರ್ಡಿನ ಕೆಳಗೆ ಏಳು ವರ್ಷ

ಕೊರಿಯರ್ ಕಂಪನಿಯ ಫ್ರಾಂಚೈಸಿ ತೆಗೆದುಕೊಳ್ಳುತ್ತೇನೆ ಎಂದು ನಾನು ಹೇಳಿದಾಗ ಬೇಡ ಎನ್ನದೆ ಉಳಿದದ್ದು ನಮ್ಮ ಮನೆಯ ನಾಯಿ ಮಾತ್ರ. ಗಂಡ ಬೇಡ ಎಂದರು. ನನ್ನ ಅಣ್ಣ ಚಿಕ್ಕಮಗಳೂರಿನಿಂದ ಬಸ್ಸು ಹತ್ತಿ ಮೂಡಿಗೆರೆಗೆ ಬಂದು, ಬೇಡ ಎಂದು ಹೇಳಿ, ಊಟ ಮಾಡಿ ವಾಪಸು ಹೋದ. ನನಗೊಂದು ಕೆಟ್ಟ ಗುಣವಿದೆ. ಒಬ್ಬರು ಬೇಡ ಎಂದರೆ ಯೋಚನೆ ಮಾಡುತ್ತೇನೆ, ನಾಲ್ಕು ಜನ ಬೇಡ ಎಂದರೆ ಮಾಡಿಯೇ ತೀರುತ್ತೇನೆ.

ಅದು ತೊಂಬತ್ತರ ದಶಕದ ನಡುವಿನ ಮಾತು. ಕಾಫಿಗೆ ಯಾರೂ ಕನಸಿನಲ್ಲೂ ಕಾಣದ ರೇಟು ಬಂದಿತ್ತು. ನಮ್ಮದು ಮೂಡಿಗೆರೆ ಹತ್ತಿರ ನಾಲ್ಕು ಎಕರೆ ತೋಟ, ದೊಡ್ಡ ಎಸ್ಟೇಟಿನವರ ಮುಂದೆ ಅದೊಂದು ಹಿತ್ತಿಲು. ಆದರೂ ಆ ವರ್ಷ ನಮ್ಮ ಕೈಯಲ್ಲೂ ದುಡ್ಡು ಓಡಾಡಿತು. ಊರಿನಲ್ಲಿ ಯಾರ ಮನೆ ಮುಂದೆ ನೋಡಿದರೂ ಹೊಸ ಜೀಪು. ನನ್ನ ಗಂಡನಿಗೂ ಜೀಪಿನ ಹುಚ್ಚು ಹತ್ತಿತ್ತು. ನಾಲ್ಕು ಎಕರೆಗೆ ಜೀಪು ಯಾಕೆ, ಗೇಟಿನಿಂದ ಮನೆಗೆ ಬರುವಷ್ಟರಲ್ಲಿ ಎರಡನೇ ಗೇರ್ ಕೂಡ ಹಾಕಲಾಗುವುದಿಲ್ಲ ಎಂದು ನಾನು ಕೇಳಿದೆ. ಅವರಿಗೆ ಸಿಟ್ಟು ಬಂತು. ಅದೇ ವಾರ ಪೇಪರಿನಲ್ಲಿ ಜಾಹೀರಾತು ನೋಡಿದೆ: ತಾಲೂಕು ಮಟ್ಟದಲ್ಲಿ ಫ್ರಾಂಚೈಸಿಗಳು ಬೇಕಾಗಿದ್ದಾರೆ, ಹೆಸರಾಂತ ಕಂಪನಿ, ತರಬೇತಿ ಕೊಡಲಾಗುವುದು.

ನಾನು ಬಿ.ಕಾಂ. ಓದಿದವಳು. ಮದುವೆಯಾಗಿ ಹತ್ತು ವರ್ಷ ಆ ಓದು ಕಾಫಿ ಒಣಗಿಸುವ ಕಣದಲ್ಲಿ ಆಳು ಎಣಿಸಲಿಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬಳಕೆಯಾಗಿರಲಿಲ್ಲ. ಇಂಥವರ ಮನೆಯ ಸೊಸೆ, ಇಂಥವರ ಹೆಂಡತಿ ಎಂದು ಕರೆಸಿಕೊಂಡು ಸಾಕಾಗಿತ್ತು. ಜೀಪಿಗೆಂದು ಇಟ್ಟಿದ್ದರಲ್ಲಿ ಅರ್ಧ ನನಗೆ ಕೊಡಿ, ಉಳಿದ ಅರ್ಧಕ್ಕೆ ಬೇಕಾದರೆ ಅರ್ಧ ಜೀಪು ತನ್ನಿ ಎಂದೆ. ಮೂರು ದಿನ ಮಾತು ಬಿಟ್ಟ ಮೇಲೆ ಕೊಟ್ಟರು.

ಮೊದಲು ಬೇಡ ಎಂದಿದ್ದ ಅತ್ತೆ ಈಗ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅವರಿಗೆ ಫ್ರಾಂಚೈಸಿ ಎಂದರೆ ಏನೆಂದು ವಿವರಿಸಿ ಹೇಳಿದೆ. ಕಂಪನಿಯ ಹೆಸರು, ಕಂಪನಿಯ ಬೋರ್ಡು, ಕೆಲಸ ನಮ್ಮದು, ಬಂದದ್ದರಲ್ಲಿ ಪಾಲು ಎಂದು.

“ಹೆಸರು ಅವರದು, ಬೋರ್ಡು ಅವರದು,” ಅತ್ತೆ ಎಲೆಗೆ ಸುಣ್ಣ ಸವರುತ್ತಾ ಕೇಳಿದರು. “ಬೈಸಿಕೊಳ್ಳೋದು ಯಾರು?”

“ನಾನೇ ಇರ್ಬೇಕು,” ಎಂದೆ.

“ಹಂಗಾದ್ರೆ ಸೈ. ನಿಂಗೆ ಅಭ್ಯಾಸ ಉಂಟಲ್ಲ.”

ಮಂಗಳೂರಿನ ಆಫೀಸಿನಲ್ಲಿ ನಲವತ್ತು ಪುಟದ ಅಗ್ರಿಮೆಂಟು ಮುಂದಿಟ್ಟರು. ಎಲ್ಲ ಇಂಗ್ಲಿಷ್. ಓದಲು ಬರುತ್ತಿತ್ತು, ಆದರೆ ಓದಲು ಅವರು ಬಿಡಬೇಕಲ್ಲ. ಟೈ ಕಟ್ಟಿದವನೊಬ್ಬ ಪಕ್ಕದಲ್ಲಿ ನಿಂತು ಪುಟ ತಿರುಗಿಸುತ್ತಲೇ ಹೋದ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ನಾನು ಸಹಿ ಹಾಕುತ್ತಲೇ ಹೋದೆ. ಫ್ಯಾನಿನ ಗಾಳಿಗೆ ಪುಟ ಹಾರದಂತೆ ಅವನು ಬೆರಳು ಇಟ್ಟಿದ್ದ ಕಡೆ ಏನು ಬರೆದಿತ್ತೋ ದೇವರಿಗೇ ಗೊತ್ತು. ಆಮೇಲೆ ಮನೆಯಲ್ಲಿ ಕೂತು ಒಂದೊಂದೇ ಪುಟ ಓದಿದೆ. ಮದುವೆ ಮುಗಿಸಿಕೊಂಡು ಬಂದು ಜಾತಕ ನೋಡಿದ ಹಾಗಾಯಿತು. ಕಂಪನಿ ಯಾವಾಗ ಬೇಕಾದರೂ ನನ್ನನ್ನು ತೆಗೆಯಬಹುದು. ನಾನು ಬಿಟ್ಟು ಹೋದರೂ ಎರಡು ವರ್ಷ ಇದೇ ವ್ಯಾಪಾರ ಮಾಡುವ ಹಾಗಿಲ್ಲ. ನಾನು ಹುಡುಕಿ ತಂದ ಗಿರಾಕಿಗಳು ಕೂಡ ಕಂಪನಿಯ ಸೊತ್ತು. ಇಷ್ಟೆಲ್ಲ ಬರೆದು ಕೊನೆಗೆ ಇಬ್ಬರೂ ಸಮಾನ ಪಾಲುದಾರರು ಎಂಬ ಅರ್ಥದ ಒಂದು ಸಾಲು ಬೇರೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಗೊತ್ತಿದ್ದೂ ಸಹಿ ಹಾಕಿ ಬಂದಿದ್ದೆ.

ಎರಡು ದಿನದ ತರಬೇತಿಯಲ್ಲಿ ಮನೆ ಬಾಗಿಲಿಗೆ ಕವರು ಮುಟ್ಟಿಸುವುದು ಹೇಗೆಂದು ಕಲಿಸಿದರು. ಬೆಲ್ ಒತ್ತಬೇಕು, ಎರಡು ಹೆಜ್ಜೆ ಹಿಂದೆ ನಿಲ್ಲಬೇಕು, ನಗಬೇಕು, ಕಂಪನಿಯ ಹೆಸರು ಹೇಳಬೇಕು, ಕವರು ಕೊಟ್ಟು ಶೀಟಿನಲ್ಲಿ ಸಹಿ ಹಾಕಿಸಿಕೊಳ್ಳಬೇಕು. ನಾನು ಕೈ ಎತ್ತಿ, ನಮ್ಮ ಕಡೆ ಬೆಲ್ ಇರುವುದಿಲ್ಲ, ನಾಯಿ ಇರುತ್ತದೆ ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ನಮ್ಮ ಕಡೆ ಎಸ್ಟೇಟಿನ ಗೇಟಿನಿಂದ ಬಂಗಲೆಗೆ ಒಂದೂವರೆ ಮೈಲಿ ಇರುತ್ತದೆ. ಗೇಟಿನವರೆಗೆ ಬಸ್ಸು ಬರುವುದಿಲ್ಲ. ಗೇಟು ದಾಟಿದರೆ ನಾಯಿ, ನಾಯಿ ದಾಟಿದರೆ ಜಿಗಣೆ, ಎರಡನ್ನೂ ದಾಟಿ ಹೋದರೆ ಸಾಹುಕಾರರು ಮೂಡಿಗೆರೆ ಪೇಟೆಗೆ ಹೋಗಿರುತ್ತಾರೆ.

ಮೂಡಿಗೆರೆಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಚಿಕ್ಕ ಕೋಣೆ ಹಿಡಿದು ಬೋರ್ಡು ಹಾಕಿದೆ. ಮೊದಲ ಮೂರು ತಿಂಗಳು ನೊಣ ಕೂಡ ಬರಲಿಲ್ಲ. ಯಾಕೆ ಬರಬೇಕು? ನಮ್ಮ ಕಡೆ ಕಾಗದ, ಔಷಧಿ, ಕೋಳಿಮರಿ, ಮೋಟಾರಿನ ಬೆಲ್ಟು, ಎಲ್ಲವನ್ನೂ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ ಮುಗಿಯಿತು. ಇಂಥ ಕ್ರಾಸಿನಲ್ಲಿ ಇಂಥ ಅಂಗಡಿಗೆ ಕೊಡಿ ಎಂದರೆ ಅವರು ಕೊಡುತ್ತಾರೆ, ಅಂಗಡಿಯವರು ಮುಂದೆ ಮುಟ್ಟಿಸುತ್ತಾರೆ. ಕಳಸದ ಬಸ್ಸಿನ ಕಂಡಕ್ಟರು ದಿನಾ ನನ್ನ ಬೋರ್ಡು ನೋಡಿ ಹಲ್ಲು ಕಿಸಿಯುತ್ತಿದ್ದರು.

“ಎಂಥ ಅಕ್ಕ, ನಾವು ಪುಕ್ಕಟೆ ಒಯ್ಯೋದಕ್ಕೆ ನೀವು ದುಡ್ಡು ತಗೊಳ್ತೀರಂತೆ?”

“ನೀವು ಒಯ್ಯೋದು ಬಸ್ಸು ನಿಲ್ಲೋ ಕಡೆಗೆ. ನಾನು ಒಯ್ಯೋದು ದೇಶದ ತುದಿಗೆ,” ಎಂದೆ. ಬಾಯಿ ಜೋರಿತ್ತು, ಗಲ್ಲಾಪೆಟ್ಟಿಗೆ ಖಾಲಿ.

ಆದರೆ ಗಿರಾಕಿಗಳು ಬಂದರು, ನಿಧಾನಕ್ಕೆ ಬಂದರು. ಕಾಫಿ ಬೀಜದ ಸ್ಯಾಂಪಲ್ಲು ಬೆಂಗಳೂರಿನ ವ್ಯಾಪಾರಿಗೆ ನಾಳೆಯೇ ಮುಟ್ಟಬೇಕು ಎನ್ನುವ ಬೆಳೆಗಾರರು ಬಂದರು. ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಕೋಡುಬಳೆ ಕಳಿಸುವ ತಾಯಂದಿರು ಬಂದರು. ಡಬ್ಬಕ್ಕೆ ಬಟ್ಟೆ ಹೊಲಿದು ತನ್ನಿ ಎಂದರೆ ಹೊಲಿಯದೆ ತರುತ್ತಿದ್ದರು, ನಾನೇ ದಬ್ಬಣ ಹಿಡಿದು ಹೊಲಿಯುತ್ತಿದ್ದೆ. ಹೊರನಾಡಿನ ಲಾಡ್ಜಿನವರಿಗೆ ಬುಕಿಂಗಿನ ಕಾಗದ ಬರತೊಡಗಿತು. ಕಳಸದ ಕಡೆಯ ಒಬ್ಬ ಹೃದಯದ ರೋಗಿಗೆ ಬೆಂಗಳೂರಿನಿಂದ ತಿಂಗಳಿಗೊಮ್ಮೆ ಮಾತ್ರೆ ಬರುತ್ತಿತ್ತು. ಅದು ಬರುವುದು ಒಂದು ದಿನ ತಡವಾದರೂ ನನಗೆ ಅನ್ನ ಸೇರುತ್ತಿರಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಕೊರಿಯರ್ ಅಕ್ಕ. ಆ ಹೆಸರು ಕೇಳಿದಾಗಲೆಲ್ಲ ನನಗೆ ಆಗುತ್ತಿದ್ದ ಹಿಗ್ಗನ್ನು ಈಗಲೂ ಮುಚ್ಚಿಡುವುದಿಲ್ಲ. ಫ್ರಾಂಚೈಸಿಯಿಂದ ಏನು ಲಾಭ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅವರಿಗೆ ಅದು ಲಾಭದ ಹಾಗೆ ಕಾಣುವುದಿಲ್ಲ.

ಬಂದ ಕವರುಗಳನ್ನು ನಾನು ಮುಟ್ಟಿಸುತ್ತಿದ್ದದ್ದು ನಮ್ಮ ಊರಿನ ಪದ್ಧತಿಯಂತೆ. ಬೇರೆ ದಾರಿಯೇ ಇರಲಿಲ್ಲ. ಮೂಡಿಗೆರೆಯಿಂದ ಹೊರಡುವ ಒಂದೊಂದು ರಸ್ತೆಯಲ್ಲೂ ನಂಬಿಕೆಯ ಒಬ್ಬಿಬ್ಬರನ್ನು ಹಿಡಿದೆ. ಒಬ್ಬರು ಟೈಲರು, ಒಬ್ಬರು ಹೋಟೆಲಿನವರು, ಕಳಸದ ಜೀಪ್ ಸ್ಟ್ಯಾಂಡಿನ ಎದುರು ಬೀಡಾ ಅಂಗಡಿಯವರು, ಹೀಗೆ ಒಟ್ಟು ಹದಿಮೂರು ಜನ. ಕವರು ಅವರ ಕೈ ಸೇರಿದರೆ ಸಂಜೆಯೊಳಗೆ ಎಸ್ಟೇಟಿನ ಜೀಪಿಗೋ, ಟಪ್ಪಾಲು ಚೀಲ ಹೊತ್ತು ಬರುವ ಆಳಿಗೋ ದಾಟಿ ಮನೆ ಮುಟ್ಟುತ್ತಿತ್ತು. ಅವರಿಗೆ ನಾನು ಏನಾದರೂ ಕೊಡಲು ಹೋದರೆ ಬೈಯುತ್ತಿದ್ದರು.

ಅವರೆಲ್ಲರಲ್ಲಿ ಹಿರಿಯರು ಗೋಣಿಬೀಡಿನ ಗ್ಯಾರೇಜಿನ ಸಾಹೇಬರು. ಆ ಕಡೆಯ ಎಸ್ಟೇಟುಗಳ ಜೀಪು ಕೆಟ್ಟರೆ ಬರುವುದು ಅವರ ಹತ್ತಿರವೇ. ಅದಕ್ಕೇ ಯಾವ ಕವರು ಯಾವ ಗಾಡಿಯಲ್ಲಿ ಹೋಗಬೇಕು ಎಂದು ಅವರಿಗೆ ಹೇಳಬೇಕಾಗಿರಲಿಲ್ಲ. ಕೈಯ ಗ್ರೀಸು ಒರೆಸಿಕೊಂಡು, ಕವರನ್ನು ಎರಡು ಬೆರಳಲ್ಲಿ ಹಿಡಿದು, ಕೊಳೆಯಾಗದಂತೆ ಹಳೇ ಪೇಪರಿನಲ್ಲಿ ಸುತ್ತಿ ಇಡುತ್ತಿದ್ದರು.

ಕಂಪನಿಯ ಡೆಲಿವರಿ ಶೀಟಿನಲ್ಲಿ ಪಡೆದವರ ಸಹಿಗೆ ಒಂದು ಚೌಕ. ಮೊದಲ ತಿಂಗಳು ಸಾಹೇಬರು ತಮ್ಮ ಹೆಸರನ್ನೇ ಬರೆಯಲು ಪೆನ್ನು ಎತ್ತಿದ್ದರು. ಕವರಿನ ಮೇಲಿನ ಹೆಸರೇ ಶೀಟಿನ ಮೇಲೂ ಇರಬೇಕು, ಇಲ್ಲದಿದ್ದರೆ ಶೀಟು ವಾಪಸು ಬರುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದು ನನ್ನ ತಲೆಯಲ್ಲಿತ್ತು.

“ನಿಮ್ಮ ಹೆಸರು ಬೇಡ ಸಾಹೇಬ್ರೆ. ಕವರು ಯಾರದೋ ಅವರ ಹೆಸರೇ ಬರೆದುಬಿಡಿ,” ಎಂದೆ.

“ಅದೂ ಸರಿಯೇ. ವಸ್ತು ಅವರದು, ನಂದೆಂಥದು,” ಎಂದು ಅವರು ಹಾಗೇ ಬರೆದರು.

ಉಳಿದ ಹನ್ನೆರಡು ಜನಕ್ಕೂ ಅದನ್ನೇ ಹೇಳಿಕೊಟ್ಟೆ. ನನಗೆ ಅದು ತಪ್ಪು ಎಂದು ಹೊಳೆಯಲೇ ಇಲ್ಲ. ಒಬ್ಬರ ಪರವಾಗಿ ಮದುವೆ ಮನೆಯಲ್ಲಿ ಮುಯ್ಯಿ ಬರೆಸುವಾಗ ಅವರ ಹೆಸರನ್ನೇ ತಾನೇ ಹೇಳುವುದು? ಬರೆಸಿದವರ ಹೆಸರು ಯಾರಿಗೆ ಬೇಕು? ಹಾಗೆ ಏಳು ವರ್ಷ ನಡೆಯಿತು.

ಏಳನೇ ವರ್ಷದ ಹೊತ್ತಿಗೆ ಕಾಫಿಯ ರೇಟು ಪಾತಾಳ ಸೇರಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಎಷ್ಟೋ ಜನ ಹಣ್ಣನ್ನು ಗಿಡದಲ್ಲೇ ಬಿಟ್ಟರು. ಜೀಪು ಕೊಂಡವರು ಮಾರಲು ಓಡಾಡಿದರು. ನಮ್ಮ ಮನೆಯ ಅಕ್ಕಿ, ಮಗಳ ಕಾಲೇಜು, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವೂ ನನ್ನ ಆ ಚಿಕ್ಕ ಕೋಣೆಯಿಂದಲೇ ನಡೆಯುತ್ತಿತ್ತು. ಬೇಡ ಎಂದಿದ್ದ ಗಂಡ ಬೆಳಿಗ್ಗೆ ಬಂದು ಅಂಗಡಿ ಗುಡಿಸಿ ಹೋಗುತ್ತಿದ್ದರು. ನಾನು ಆ ವಿಷಯ ಎತ್ತಿ ಆಡಿಕೊಳ್ಳಲಿಲ್ಲ. ಒಂದೆರಡು ಸಲ ಆಡಿಕೊಂಡಿರಬಹುದು.

ಆ ಜೂನಿನಲ್ಲಿ ಗೋಣಿಬೀಡು ಕಡೆಯ ಒಬ್ಬ ಸಾಹುಕಾರರ ಕವರು ಬಂತು. ವಕೀಲರಿಂದ ಬಂದದ್ದು, ಒಳಗೆ ಕೋರ್ಟಿನ ತಾರೀಕು ಇತ್ತೆಂದು ಆಮೇಲೆ ಗೊತ್ತಾಯಿತು. ನಾನು ಎಂದಿನಂತೆ ಸಾಹೇಬರಿಗೆ ಕೊಟ್ಟೆ. ಅದೇ ಸಾಹುಕಾರರ ಜೀಪು ಅಂದು ರಿಪೇರಿಗೆ ಗ್ಯಾರೇಜಿನಲ್ಲೇ ನಿಂತಿತ್ತು. ಇದಕ್ಕಿಂತ ಒಳ್ಳೆಯ ಜಾಗ ಬೇಕೇ ಎಂದು ಸಾಹೇಬರು ಕವರನ್ನು ಪೇಪರಿನಲ್ಲಿ ಸುತ್ತಿ ಜೀಪಿನ ಸ್ಟೇರಿಂಗಿನ ಪಕ್ಕದ ಗೂಡಿನಲ್ಲಿಟ್ಟರು. ಸಂಜೆ ಜೀಪು ಹೋದರೆ ಕವರೂ ಹೋಗುತ್ತದೆ. ಆದರೆ ಹಾಸನದಿಂದ ಬರಬೇಕಾದ ಸಾಮಾನು ಬರಲಿಲ್ಲ. ಮಳೆಗೆ ರಸ್ತೆ ಕಟ್ಟಿತು. ಜೀಪು ಕಲ್ಲಿನ ಮೇಲೆ ಆರು ದಿನ ನಿಂತಿತು, ಅದರ ಹೊಟ್ಟೆಯಲ್ಲಿ ಕವರೂ ಆರು ದಿನ ಕೂತಿತು. ಸಾಹೇಬರು ಮರೆತರು. ನಾನು ಕೇಳಲಿಲ್ಲ. ಶೀಟಿನಲ್ಲಿ ಮಾತ್ರ ಅಂದೇ ಸಾಹುಕಾರರ ಹೆಸರಿನ ಸಹಿ ಬಿದ್ದು ಕಂಪನಿಗೆ ಹೋಗಿತ್ತು. ಕೋರ್ಟಿನ ತಾರೀಕು ತಪ್ಪಿತು.

ಸಾಹುಕಾರರು ಕೂಗಾಡಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಅವರ ಬಂಗಲೆಗೆ ಹೋಗಿ ಜಗಲಿಯಲ್ಲಿ ನಿಂತು ತಪ್ಪಾಯಿತು ಎಂದೆ. ಅವರು ನನ್ನನ್ನು ಕೂರಿಸಲಿಲ್ಲ. ಅಷ್ಟರಲ್ಲಿ ಕಂಪನಿಯ ಮೇಲಿನ ಆಫೀಸಿಗೆ ಅವರ ದೂರು ಹೋಗಿಯಾಗಿತ್ತು.

ಮಂಗಳೂರಿನಿಂದ ಮ್ಯಾನೇಜರು ಬಂದರು. ನನ್ನಿಂದ ಸಹಿ ಹಾಕಿಸಿದ ಟೈಯವನಲ್ಲ, ಬೇರೆಯವರು, ಪಾಲಿಶ್ ಹಾಕಿದ ಬೂಟು. ಹಳೇ ಶೀಟುಗಳ ಕಟ್ಟು ತೆಗೆಸಿ ಮೇಜಿನ ತುಂಬ ಹರಡಿದರು. ಅರ್ಧ ಗಂಟೆಯಲ್ಲಿ ಎಲ್ಲ ಗೊತ್ತಾಯಿತು. ನಲವತ್ತು ಮನೆಯವರ ಹೆಸರು, ಅಕ್ಷರ ಒಬ್ಬರದೇ. ಗೌಡರ ಸಹಿ, ಭಟ್ಟರ ಸಹಿ, ಎಸ್ಟೇಟಿನ ಲೆಕ್ಕ ಬರೆಯುವ ಕ್ರಿಶ್ಚಿಯನ್ ರೈಟರ ಸಹಿ, ಎಲ್ಲದರ ಮೂಲೆಯಲ್ಲೂ ಅದೇ ಗ್ರೀಸಿನ ಬೆರಳು.

“ಇದು ಫೋರ್ಜರಿ. ಮನೆ ಬಾಗಿಲಿಗೆ ಮುಟ್ಟಿಸೋದು ನಿಮ್ಮ ಕರ್ತವ್ಯ. ಅಷ್ಟೂ ಆಗದಿದ್ರೆ ಫ್ರಾಂಚೈಸಿ ಯಾಕೆ ತಗೊಂಡ್ರಿ?” ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. “ಇವತ್ತಿನ ಕವರು ಐದಿದೆ, ಎಲ್ಲ ಗೋಣಿಬೀಡಿನ ಕಡೆಯದೇ. ಬನ್ನಿ, ನೀವೇ ಬಾಗಿಲಿಗೆ ಮುಟ್ಟಿಸಿ ತೋರ್ಸಿ, ನಾನು ಕಲೀತೇನೆ,” ಎಂದೆ.

ಬಾಡಿಗೆ ಜೀಪು ಮಾಡಿಕೊಂಡು ಹೊರಟೆವು. ಮೊದಲನೇ ಎಸ್ಟೇಟಿನಲ್ಲಿ ಗೇಟಿಗೆ ಬೀಗ. ಬೀಗದ ಕೈ ಇರುವ ಮೇಸ್ತ್ರಿ ಬರುವ ತನಕ ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತು ಆ ಕವರು ಕೊಟ್ಟೆವು. ಎರಡನೆಯದಕ್ಕೆ ಜೀಪು ಏರಲಿಲ್ಲ, ಇಳಿದು ನಡೆದೆವು. ಮ್ಯಾನೇಜರು ಬೂಟು ಬಿಚ್ಚಿದಾಗ ಕಾಲುಚೀಲ ಕೆಂಪಾಗಿತ್ತು. ಜಿಗಣೆಗೆ ಸುಣ್ಣ ಹಚ್ಚಿ ಬಿಡಿಸಿದ್ದು ಆ ಮನೆಯ ಅಜ್ಜಿ. ಕಾಫಿ ಕೊಟ್ಟರು, ಕಡುಬು ತಿನ್ನಿಸದೆ ಬಿಡಲಿಲ್ಲ, ಅಲ್ಲೇ ಇನ್ನೊಂದು ಗಂಟೆ ಹೋಯಿತು. ಮೂರನೇ ಮನೆಯಲ್ಲಿ ಯಜಮಾನರಿಲ್ಲ. ಕವರು ಬರುವುದಿತ್ತೆಂದು ಬೆಳಿಗ್ಗೆಯೇ ಮೂಡಿಗೆರೆಗೆ ಹೋಗಿ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾರಂತೆ. ಅಷ್ಟರಲ್ಲಿ ನಾಲ್ಕೂವರೆ ಆಗಿತ್ತು.

ಹಿಂದೆ ಬರುವಾಗ ಗೋಣಿಬೀಡಿನ ಗ್ಯಾರೇಜಿನ ಮುಂದೆ ಜೀಪು ನಿಲ್ಲಿಸಲು ಅವರೇ ಹೇಳಿದರು. ಬೆಂಚಿನ ಮೇಲೆ ಕೂತವರದನ್ನು ನನಗೆ ಬಿಟ್ಟು, ಉಳಿದ ಎರಡು ಕವರುಗಳನ್ನು ಸಾಹೇಬರ ಕೈಗೆ ಕೊಟ್ಟರು. ಸಾಹೇಬರು ಒಮ್ಮೆ ನನ್ನ ಮುಖ ನೋಡಿ, ಒಮ್ಮೆ ಅವರ ಮುಖ ನೋಡಿ, ಪೆನ್ನು ಹಿಡಿದು ಕೇಳಿದರು.

“ಯಾರ ಹೆಸರು ಬರೀಲಿ ಸರ್?”

“ಅವರವರದೇ ಹಾಕಿ, ಬೇಗ,” ಎಂದರು ಮ್ಯಾನೇಜರು.

ನನ್ನ ಕಿವಿಯಾರೆ ಕೇಳಿದ ಮಾತು ಅದು. ಇನ್ನು ಭಯವಿಲ್ಲ, ಮನುಷ್ಯನಿಗೆ ಅರ್ಥವಾಯಿತು ಎಂದುಕೊಂಡು ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ. ಹತ್ತು ದಿನ ಬಿಟ್ಟು ಕಂಪನಿಯ ಕಾಗದ ಬಂತು. ಎರಡು ಪುಟ, ಮ್ಯಾನೇಜರದೇ ಸಹಿ. ಜೊತೆಯಲ್ಲಿ ನಾನು ಸಹಿ ಹಾಕಿ ಕಳಿಸಬೇಕಾದ ತಪ್ಪೊಪ್ಪಿಗೆಯನ್ನೂ ಅವರೇ ಟೈಪು ಮಾಡಿ ಇಟ್ಟಿದ್ದರು. ಕೆಳಗೆ ನಮೂದಿಸಿದ ವ್ಯಕ್ತಿಗಳು ಕಂಪನಿಯ ದಾಖಲೆಗಳಲ್ಲಿ ಸುಳ್ಳು ಸಹಿ ಹಾಕಿದ್ದಾರೆ, ಇದು ಈಗ ನನ್ನ ಗಮನಕ್ಕೆ ಬಂದಿದೆ, ಇನ್ನು ಮುಂದೆ ಅವರೊಂದಿಗೆ ವ್ಯವಹಾರ ಇಟ್ಟುಕೊಳ್ಳುವುದಿಲ್ಲ ಎಂದು ಅದರ ಒಕ್ಕಣೆ. ಕೆಳಗೆ ಹದಿಮೂರು ಹೆಸರು. ಮೊದಲನೆಯದು ಸಾಹೇಬರದು. ಹದಿನೈದು ದಿನದೊಳಗೆ ಸಹಿ ಹಾಕಿದರೆ ಫ್ರಾಂಚೈಸಿ ಉಳಿಯುತ್ತದೆ, ಇಲ್ಲದಿದ್ದರೆ ಅಗ್ರಿಮೆಂಟು ರದ್ದು, ಕಟ್ಟಿದ ಡಿಪಾಜಿಟ್ಟು ಕಂಪನಿಗೆ.

ಗಂಡ ಓದಿ, ಮಡಿಸಿ, ಮೇಜಿನ ಮೇಲಿಟ್ಟರು. “ಸಹಿ ಹಾಕು ಮಾರಾಯ್ತಿ. ಕಾಗದ ತಾನೆ? ಮಂಗಳೂರಿನ ಕಪಾಟಲ್ಲಿ ಬಿದ್ದಿರ್ತದೆ. ಆ ಹದಿಮೂರು ಜನಕ್ಕೆ ಯಾರು ಹೇಳ್ತಾರೆ? ಈಗ ಇದೂ ಹೋದ್ರೆ ಎಂಥ ತಿನ್ನೋದು?”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ತೋಟದಿಂದ ಆ ವರ್ಷ ಬರುವುದೇನೂ ಇರಲಿಲ್ಲ. ಮಗಳಿಗೆ ಇನ್ನೂ ಎರಡು ವರ್ಷದ ಓದು ಇತ್ತು. ಅತ್ತೆ ಮಾತ್ರ ಒಳಗಿನಿಂದಲೇ, “ಸಹಿ ಹಾಕಿ ಆಮೇಲೆ ಗೋಣಿಬೀಡಿನ ಬಸ್ಸು ಹೆಂಗೆ ಹತ್ತೀಯೆ?” ಎಂದು ಕೇಳಿದರು.

ನಾನು ಮರುದಿನವೇ ಆ ಬಸ್ಸು ಹತ್ತಿದೆ. ಕಾಗದವನ್ನು ಸಾಹೇಬರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಸುಳ್ಳು ಸಹಿ ಎಂಬ ಮಾತನ್ನೂ ಬಿಡದೆ ಓದಿದೆ. ಅವರು ಎಂಜಿನ್ನಿನ ಮೇಲೆ ಬಗ್ಗಿದ್ದವರು ನೆಟ್ಟಗಾಗಲಿಲ್ಲ.

“ಹಾಕಿಬಿಡಿ ಅಕ್ಕ. ಕವರು ಮರೆತವನು ನಾನೇ ಅಲ್ವಾ? ನನ್ನ ಹೆಸರು ಕೆಟ್ರೆ ಗ್ಯಾರೇಜಿಗೆ ಜೀಪು ಬರೋದು ನಿಲ್ತದಾ? ನಿಮಗೆ ಮನೆ ನಡೀಬೇಕು.”

ಅವರು ಬೈದಿದ್ದರೆ ಬಹುಶಃ ಸಹಿ ಹಾಕುತ್ತಿದ್ದೆ. ಹಾಗೆ ಹೇಳಿದ ಮೇಲೆ ಹೇಗೆ ಹಾಕಲಿ? ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿಕೊಂಡು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. “ಅವರವರದೇ ಹಾಕಿ” ಎಂದು ಬಾಯಲ್ಲಿ ಹೇಳಿದವನು ಅದನ್ನೇ ಫೋರ್ಜರಿ ಎಂದು ಟೈಪು ಮಾಡಿಸಿದ್ದ. ಅವನಿಗೆ ಕೆಲಸ ಉಳಿಯಬೇಕು, ನನಗೆ ಬೋರ್ಡು ಉಳಿಯಬೇಕು, ಇಬ್ಬರೂ ಸೇರಿ ಗ್ರೀಸಿನ ಕೈಯವರೊಬ್ಬರ ಮೇಲೆ ಹಾಕಿದರೆ ಎಲ್ಲ ಸರಿ. ದೊಡ್ಡ ಹೆಸರಿನ ಕೆಳಗೆ ನಿಂತರೆ ನೆರಳು ಸಿಗುತ್ತದೆ ಎನ್ನುತ್ತಾರೆ. ನೆರಳಿಗೆ ನಿಂತವರ ಕೈಯಿಂದ ಆ ಹೆಸರಿನವರು ಏನೇನು ಮಾಡಿಸುತ್ತಾರೆ ಎಂದು ನನಗೆ ಅವತ್ತು ಗೊತ್ತಾಯಿತು.

ಆ ತಪ್ಪೊಪ್ಪಿಗೆಗೆ ಅಡ್ಡ ಗೀಟು ಎಳೆದೆ. ಹಿಂಬದಿಯಲ್ಲಿ ಕನ್ನಡದಲ್ಲೇ ಬರೆದೆ: ಒಂದು ಕವರು ಆರು ದಿನ ತಡವಾಯಿತು, ಅದಕ್ಕೆ ನಾನು ಹೊಣೆ, ಕ್ಷಮೆ ಕೇಳುತ್ತೇನೆ. ಬೇರೆಯವರ ಹೆಸರು ಬರೆಯಿರಿ ಎಂದು ಈ ಹದಿಮೂರು ಜನಕ್ಕೆ ಹೇಳಿಕೊಟ್ಟವಳು ನಾನು. ಅವರು ಯಾರೂ ಸುಳ್ಳು ಹೇಳಿಲ್ಲ. ನೀವು ಕೊಟ್ಟ ಎರಡು ಕವರಿಗೂ ನಿಮ್ಮೆದುರಿಗೇ, ನಿಮ್ಮ ಮಾತಿನ ಮೇಲೆಯೇ ಹಾಗೇ ಸಹಿಯಾಗಿದೆ, ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಇಷ್ಟು ಬರೆದು, ನನ್ನದೇ ಕೌಂಟರಿನಲ್ಲಿ ನನ್ನದೇ ದುಡ್ಡಿಗೆ ಮ್ಯಾನೇಜರ ಹೆಸರಿಗೆ ಕೊರಿಯರ್ ಮಾಡಿದೆ. ಅದು ಅವರ ಬಾಗಿಲಿಗೆ ಮುಟ್ಟಿತು, ಅವರೇ ಸಹಿ ಹಾಕಿ ತೆಗೆದುಕೊಂಡರು.

ತಿಂಗಳೊಳಗೆ ಜನ ಬಂದು ಬೋರ್ಡು ಇಳಿಸಿದರು, ತಕ್ಕಡಿ ಒಯ್ದರು. ಡಿಪಾಜಿಟ್ಟು ಬರಲಿಲ್ಲ. ಉಳಿದ ಹನ್ನೆರಡು ಜನ ಯಾಕೆಂದು ಕೇಳಿದಾಗ ಕಂಪನಿ ಬರೆದದ್ದನ್ನು ಮುಚ್ಚಿಡದೆ ಹೇಳಿದೆ. ಅಣ್ಣ ಫೋನು ಮಾಡಿ, ನಾನು ಅವತ್ತೇ ಹೇಳಿದ್ದೆ ಎಂದ. ಏಳು ವರ್ಷ ನಡೆದದ್ದನ್ನು ನೀನು ಹೇಳಿರಲಿಲ್ಲ ಎಂದು ಫೋನಿಟ್ಟೆ. ಎರಡು ವರ್ಷ ಕೊರಿಯರ್ ಮುಟ್ಟುವ ಹಾಗಿರಲಿಲ್ಲ. ಅದೇ ಕೋಣೆಗೆ ಹಳೆಯ ಜೆರಾಕ್ಸ್ ಮೆಷಿನ್ನು ತಂದಿಟ್ಟೆ. ಮೊದಲ ವರ್ಷ ಕಷ್ಟವಾಯಿತು, ತುಂಬಾ ಕಷ್ಟವಾಯಿತು. ಗಂಡ ಒಂದು ದಿನವೂ ಆ ಕಾಗದದ ಮಾತೆತ್ತಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ಕಂಪನಿ ನಮ್ಮ ತಾಲೂಕನ್ನು ಬೇರೆಯವರಿಗೆ ಕೊಟ್ಟಿತು. ಮಳೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ನನ್ನ ಜೆರಾಕ್ಸ್ ಅಂಗಡಿಗೇ ಬಂದರು. ಐವತ್ತು ದಾಟಿದವರು, ಬ್ಯಾಂಕಿನಲ್ಲಿ ಸ್ವಯಂನಿವೃತ್ತಿ ತೆಗೆದುಕೊಂಡು ಬಂದದ್ದನ್ನೆಲ್ಲ ಈ ಫ್ರಾಂಚೈಸಿಗೆ ಹಾಕಿದ್ದರು. ಅವರ ಜೀಪಿನ ಹಿಂದೆ ಚೀಲದ ತುಂಬ ಕವರು, ಎಷ್ಟೋ ದಿನದವು.

“ಯಾರೂ ತಗೊಳ್ತಿಲ್ಲ ಮೇಡಂ,” ಎಂದರು. “ಗೋಣಿಬೀಡಿನ ಸಾಹೇಬ್ರು, ಸುಳ್ಳು ಸಹಿ ಹಾಕೋನು ಅಂತ ನಿಮ್ಮ ಕಂಪನಿಯೇ ಬರೆದಿದೆಯಲ್ಲ, ನನ್ನ ಹತ್ರ ಯಾಕೆ ಬಂದ್ರಿ ಅಂತಾರೆ. ಕಳಸದವರೂ ಅದನ್ನೇ ಹೇಳ್ತಾರೆ. ನೀವು ಹೇಳಿದ್ರೆ ಮಾತ್ರ ಕೇಳ್ತಾರಂತೆ.”

ನಿಜ ಹೇಳುತ್ತೇನೆ, ಮೊದಲು ನನಗಾದದ್ದು ಸಂತೋಷ. ಹೊಟ್ಟೆ ತಣ್ಣಗಾಯಿತು. ಒಂದು ನಿಮಿಷ ಅವರನ್ನು ನಿಲ್ಲಿಸಿಯೇ ಮಾತಾಡಿದೆ. ಆಮೇಲೆ ಚೀಲದ ಬಾಯಿಯಲ್ಲಿ ಒಂದು ಪಾರ್ಸೆಲ್ಲು ಕಂಡಿತು. ಕಳಸದ ಕಡೆಯ ಆ ರೋಗಿಯ ಮಾತ್ರೆ, ವಿಳಾಸದ ಅಕ್ಷರ ನನಗೆ ಗುರುತಿತ್ತು. ಅದನ್ನು ನಾನೇ ತೆಗೆದುಕೊಂಡು ಹೋಗಿ ಮೂರು ಗಂಟೆಯ ಕಳಸದ ಬಸ್ಸಿನ ಕಂಡಕ್ಟರಿಗೆ ಕೊಟ್ಟೆ. ಇವತ್ತೇ ಮುಟ್ಟಬೇಕು ಎಂದೆ. ಅವರು ಹಲ್ಲು ಕಿಸಿಯಲಿಲ್ಲ, ಜೇಬಿನಲ್ಲಿ ಇಟ್ಟುಕೊಂಡರು.

“ಅಗ್ರಿಮೆಂಟು ಓದಿದ್ರಾ?” ಎಂದು ಹೊಸಬರನ್ನು ಕೇಳಿದೆ.

“ಪೆನ್ಸಿಲ್ ಗುರುತು ಇದ್ದಲ್ಲಿ ಸಹಿ ಹಾಕಿದೆ,” ಎಂದರು.

ಅಂಗಡಿಯ ಬಾಗಿಲು ಎಳೆದು ಅವರ ಜೀಪು ಹತ್ತಿದೆ. ಸಾಹೇಬರು ಗ್ಯಾರೇಜಿನಲ್ಲೇ ಇದ್ದರು. ಹೊಸಬರು ಶೀಟು ಮುಂದೆ ಹಿಡಿದರು. ಸಾಹೇಬರು ಅದನ್ನು ಮುಟ್ಟದೆ ನನ್ನನ್ನು ನೋಡಿದರು.

“ಕವರು ತಗೊಳ್ಳಿ ಸಾಹೇಬ್ರೆ,” ಎಂದೆ. “ಆದ್ರೆ ಇನ್ಮೇಲೆ ನಿಮ್ಮ ಹೆಸರೇ ಬರೀರಿ. ಗ್ಯಾರೇಜಿನಲ್ಲಿ ಕೊಟ್ಟಿದ್ದಾರೆ, ನಾನು ಮುಟ್ಟಿಸ್ತೇನೆ ಅಂತಲೂ ಬರೀರಿ. ಎಲ್ಲರಿಗೂ ಅದನ್ನೇ ಹೇಳ್ತೇನೆ.”

ಹೊಸಬರ ಮುಖ ಇಳಿಯಿತು. “ಕಂಪನಿ ಒಪ್ಪದಿದ್ರೆ?”

“ನಿಮ್ಮನ್ನೂ ತೆಗೀತಾರೆ. ಆಮೇಲೆ ಮೂರನೆಯವರು ಬರ್ತಾರೆ. ಅವರೂ ಇಲ್ಲಿಗೇ ಬರಬೇಕಲ್ಲ, ಎಷ್ಟು ಜನರನ್ನ ತೆಗೀತಾರೆ ನೋಡುವ.”

ಸಾಹೇಬರು ಕೈ ಒರೆಸಿಕೊಂಡರು. ಪೆನ್ನು ತೆಗೆದುಕೊಂಡು ಜೀಪಿನ ಬಾನೆಟ್ಟಿನ ಮೇಲೆ ಶೀಟನ್ನು ಹರಡಿ ಬರೆಯತೊಡಗಿದರು. ತಮ್ಮ ಹೆಸರು, ತಂದೆಯ ಹೆಸರು, ಗ್ಯಾರೇಜಿನ ಹೆಸರು. ಚೌಕ ಸಾಲದೆ ಅಂಚಿನವರೆಗೆ ಹೋಯಿತು. ದುಂಡಗಿನ, ಒತ್ತಿ ಬರೆದ ಅಕ್ಷರ. ಏಳು ವರ್ಷ ನಾನು ಆ ಶೀಟುಗಳನ್ನು ದಿನವೂ ನೋಡಿದ್ದೆ. ಅವರ ಕೈಯಲ್ಲಿ ಅವರದೇ ಹೆಸರನ್ನು ನೋಡಿದ್ದು ಅದೇ ಮೊದಲು. ಬೇಡ ಎಂದು ತಡೆದವಳು ನಾನೇ.